ಬಿಸಿಲಿಗೆ ಹೋಗಬೇಡ ಅಂದವಳು ನಾನೇ

ನನ್ನ ದೊಡ್ಡ ಮಗಳಿಗೆ ಎಂಟು ವರ್ಷವಾಗಿದ್ದಾಗ ಅವಳಿಗೆ ‘ಮಾತು ಕೇಳದ ಹುಡುಗಿ’ ಎಂಬ ಬಿರುದು ಕೊಟ್ಟವಳು ನಾನೇ. ಮನೆಗೆ ಬಂದವರ ಮುಂದಿಟ್ಟ ಕೋಡುಬಳೆ ತಟ್ಟೆಗೆ ಅವಳು ಕೈ ಹಾಕಿದರೆ ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಕಣ್ಣು ಬಿಡುತ್ತಿದ್ದೆ. ನಾವು ಚಿಕ್ಕವರಿದ್ದಾಗ ಅಮ್ಮ ಒಂದು ಸಲ ಹಾಗೆ ಕಣ್ಣು ಬಿಟ್ಟರೆ ಸಾಕು, ಕೈ ತಾನಾಗಿ ಹಿಂದೆ ಬರುತ್ತಿತ್ತು. ಇವಳೋ, ನನ್ನ ಕಡೆಗೇ ನೋಡಿ ನಕ್ಕು ಇನ್ನೊಂದು ಕೋಡುಬಳೆ ತೆಗೆದುಕೊಳ್ಳುತ್ತಿದ್ದಳು. ಬಂದವರು ಹೋದ ಮೇಲೆ ಬೆನ್ನಿಗೆ ಎರಡು ಕೊಟ್ಟದ್ದೂ ಉಂಟು. ಆ ನಗುವಿನ ಅರ್ಥ ನನಗೆ ತಿಳಿಯಲು ಒಂದು ವರ್ಷ ಬೇಕಾಯಿತು. ಅಷ್ಟು ದೂರದಿಂದ ಅವಳಿಗೆ ಅಮ್ಮ ಕಾಣುತ್ತಿದ್ದಳು, ಅಮ್ಮನ ಮುಖದ ಸಿಟ್ಟು ಕಾಣುತ್ತಿರಲಿಲ್ಲ!

ನಮ್ಮದು ತಿಪಟೂರು. 2020 ಮತ್ತು 2021ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದ್ದು ನಿಮಗೆಲ್ಲ ನೆನಪಿದೆಯಲ್ಲ? ಪಾಠವೆಲ್ಲ ಅಂಗೈಯಗಲದ ಮೊಬೈಲಿನಲ್ಲಿ. ಅದು ಮುಗಿದರೆ ಚಿತ್ರ ಬರೆಯುವುದು, ಕತೆ ಪುಸ್ತಕ ಓದುವುದು. ಆಮೇಲೆ ಬೀದಿಯಲ್ಲಿ ಗಂಡುಹುಡುಗರು ಮತ್ತೆ ಕ್ರಿಕೆಟ್ ಶುರುಮಾಡಿದಾಗ ಇವಳೂ ಹೊಸಿಲು ದಾಟಲು ನೋಡುತ್ತಿದ್ದಳು. “ಬಿಸಿಲಿಗೆ ಹೋಗ್ಬೇಡ ಕಣೇ, ಕಪ್ಪಾಗ್ತೀಯ. ಒಳಗೆ ಕೂತು ಏನಾದ್ರೂ ಓದ್ಕೋ” ಎನ್ನುತ್ತಿದ್ದೆ. ಹೆಣ್ಣುಮಗು, ಬಣ್ಣ ಕೆಡಬಾರದು, ವಿದ್ಯೆಯೂ ಬರಬೇಕು. ಇದರಲ್ಲಿ ತಪ್ಪೇನಿದೆ ಎಂದು ನನ್ನ ಲೆಕ್ಕ.

ಶಾಲೆ ಮತ್ತೆ ತೆರೆದಾಗ ದೂರು ಬಂತು. “ಬೋರ್ಡ್ ನೋಡಿ ಬರೆಯೋಕೆ ಹೇಳಿದ್ರೆ ಬರೀ ತಪ್ಪು. ಗಮನ ಇಲ್ಲ” ಎಂದರು ಟೀಚರು. ಅದಕ್ಕೂ ಬೈಗುಳ ತಿಂದಳು. ಕಣ್ಣು ಕಿರಿದು ಮಾಡಿಕೊಂಡು, ಟಿ.ವಿ.ಯ ಮೂಗಿಗೆ ಮೂಗು ತಾಗಿಸಿ ಕೂರುವುದನ್ನು ಕಂಡು ಅನುಮಾನಪಟ್ಟವರು ನಮ್ಮ ಮನೆಯವರು. ಅವರಿಗೂ ಹೈಸ್ಕೂಲಿನಿಂದಲೇ ಕನ್ನಡಕ. 2022ರಲ್ಲಿ ತುಮಕೂರಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ಎರಡು ಕಣ್ಣಿಗೂ ಮೈನಸ್ 1.75.

ಮನೆಯಲ್ಲಿ ದೊಡ್ಡ ರಾಮಾಯಣವೇ ಆಯಿತು. ಕಣ್ಣಿನ ತೊಂದರೆ ಎಂದರೆ ಮುದುಕರಿಗೆ ಬರುವ ಪೊರೆ, ಅದಕ್ಕೆ ಡಾ. ಎಂ.ಸಿ. ಮೋದಿಯವರ ಶಿಬಿರ ಎಂದಷ್ಟೇ ತಿಳಿದಿದ್ದವರು ನಮ್ಮ ಅತ್ತೆಯವರು. “ಇಷ್ಟುದ್ದ ಹೆಣ್ಣುಮಗೂಗೆ ಕನ್ನಡಕ ಹಾಕ್ತೀಯೇನೇ? ನಾಳೆ ಗಂಡು ಹುಡುಕೋರು ಯಾರು? ಒಂದ್ಸಲ ಹಾಕಿದ್ರೆ ನಂಬರು ಏರ್ತಾನೇ ಹೋಗತ್ತೆ” ಎಂದು ಹಣೆ ಚಚ್ಚಿಕೊಂಡರು. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಕನ್ನಡಕದ ಅಂಗಡಿಯಲ್ಲಿ ಗೋಗರೆದು ಸ್ವಲ್ಪ ಕಡಿಮೆ ನಂಬರಿನ ಗಾಜು ಹಾಕಿಸಿದೆ. “ಶಾಲೇಲಿ ಮಾತ್ರ ಹಾಕ್ಕೋ, ಮನೇಲಿ ತೆಗೆದಿಡು” ಎಂದು ಕಟ್ಟಪ್ಪಣೆ ಮಾಡಿದೆ. ಜೊತೆಗೆ ಹೊನಗೊನೆ ಸೊಪ್ಪಿನ ಪಲ್ಯ, ಕ್ಯಾರೆಟ್ ಕೋಸಂಬರಿ, ರಾತ್ರಿ ಕಣ್ಣಿನ ಮೇಲೆ ನಂದಿಬಟ್ಟಲು ಹೂವು. ಒಂದು ದಿನವೂ ತಪ್ಪಿಸಲಿಲ್ಲ. 2023ರಲ್ಲಿ ಮತ್ತೆ ತೋರಿಸಿದಾಗ ಮೈನಸ್ 2.75!

ನನ್ನ ಸಾಹಸವನ್ನೆಲ್ಲ ಕೇಳಿ ಡಾಕ್ಟರಮ್ಮ ಬೈಯಲಿಲ್ಲ. ಒಂದು ಕಾಗದದ ಮೇಲೆ ಕಣ್ಣಿನ ಚಿತ್ರ ಬರೆದರು. “ನೋಡಿಮ್ಮಾ, ಈ ಮಗೂದು ಕಣ್ಣುಗುಡ್ಡೆ ಇರಬೇಕಾದ್ದಕ್ಕಿಂತ ಉದ್ದಕ್ಕೆ ಬೆಳೀತಾ ಇದೆ. ಸಿನಿಮಾ ಪರದೆ ಹಿಂದೆ ಸರಿದುಬಿಟ್ರೆ ಚಿತ್ರ ಮಸುಕಾಗಲ್ವೆ? ಹಾಗೇ ಇದು. ಉದ್ದ ಆದ ಕಣ್ಣು ಮತ್ತೆ ಗಿಡ್ಡ ಆಗೋಲ್ಲ. ಬೆಳೆಯೋ ವೇಗ ಕಮ್ಮಿ ಮಾಡಬಹುದು ಅಷ್ಟೆ” ಎಂದರು. ಮೈನಸ್ ಎರಡು ಎಂದರೆ ಅರ್ಧ ಮೀಟರಿನಿಂದಾಚೆಗೆ ಎಲ್ಲವೂ ಮಸುಕು ಎಂದೂ ಹೇಳಿದರು. ನನಗೆ ಅಡುಗೆಮನೆ ಬಾಗಿಲು, ಕೋಡುಬಳೆ ತಟ್ಟೆ ಎಲ್ಲ ಕಣ್ಣ ಮುಂದೆ ಬಂದವು. ಅಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಕಡಿಮೆ ನಂಬರಿನ ಗಾಜಿನಿಂದ ದೋಷ ನಿಲ್ಲುವುದಿಲ್ಲವಂತೆ. ಮಲೇಷ್ಯಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಬೇಕೆಂದೇ ಕಡಿಮೆ ನಂಬರು ಕೊಟ್ಟ ಮಕ್ಕಳಿಗೆ ಇನ್ನೂ ಬೇಗ ಏರಿತ್ತಂತೆ. ಸೊಪ್ಪು, ಕ್ಯಾರೆಟ್ ಒಳ್ಳೆಯವೇ, ಇರುಳುಗಣ್ಣು ಬಾರದಂತೆ ಕಾಯುತ್ತವೆ, ಆದರೆ ಉದ್ದವಾದ ಕಣ್ಣಿಗೆ ಅವು ಮದ್ದಲ್ಲ. ಮೈನಸ್ ಆರನ್ನು ದಾಟಿದರೆ ದೊಡ್ಡವರಾದ ಮೇಲೆ ಕಣ್ಣಿನ ಹಿಂದಿನ ಪರದೆ ಬಿಟ್ಟುಕೊಳ್ಳುವ ಅಪಾಯ ಹೆಚ್ಚು. ಇದು ಬರೀ ಅಂದಚೆಂದದ ಮಾತಲ್ಲ ಎಂದು ನನಗೆ ತಿಳಿದದ್ದು ಆಗಲೇ.

ಆಮೇಲೆ ಡಾಕ್ಟರಮ್ಮ ಕೇಳಿದರು, “ಮಗು ದಿನಕ್ಕೆ ಎಷ್ಟು ಹೊತ್ತು ಹೊರಗೆ ಆಡ್ತಾಳೆ?” ನಾನು ಹೆಮ್ಮೆಯಿಂದಲೇ, “ನಾವು ಹೊರಗೆ ಬಿಡೋದೇ ಇಲ್ಲ” ಅಂದುಬಿಟ್ಟೆ. ಅವರು ಒಂದು ನಿಮಿಷ ಸುಮ್ಮನಿದ್ದು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ನಮ್ಮ ಮನೆಯೊಳಗಿನ ಟ್ಯೂಬ್‌ಲೈಟಿನ ಬೆಳಕು ಕೆಲವು ನೂರು ಲಕ್ಸ್ ಇದ್ದರೆ, ಹೊರಗೆ ಮರದ ನೆರಳಿನಲ್ಲೂ ಹಲವು ಸಾವಿರ ಲಕ್ಸ್ ಇರುತ್ತದಂತೆ. ಆ ಬೆಳಕು ಕಣ್ಣಿನ ಅತಿ ಬೆಳವಣಿಗೆಗೆ ಕಡಿವಾಣ. ಚೀನಾದ ಗುವಾಂಗ್‌ಝೌ ಊರಿನ ಕೆಲವು ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟು ನೋಡಿದರು. 2015ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಮೂರು ವರ್ಷದಲ್ಲಿ ಆ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಜನಕ್ಕೆ ಸಮೀಪದೃಷ್ಟಿ ಬಂತು. ಬೇರೆ ಶಾಲೆಗಳಲ್ಲಿ ಸುಮಾರು 40. ತೈವಾನಿನಲ್ಲಿ 2010ರಿಂದ ಶಾಲಾಮಕ್ಕಳು ದಿನಕ್ಕೆ ಎರಡು ಗಂಟೆ ಬಯಲಲ್ಲಿರಬೇಕೆಂದು ಸರ್ಕಾರವೇ ಯೋಜನೆ ಮಾಡಿತು. ನಾನೋ, ಕಾಸು ಖರ್ಚಿಲ್ಲದ ಆ ಔಷಧಿಗೆ ಬಾಗಿಲು ಹಾಕಿ ಅಗುಳಿ ಜಡಿದಿದ್ದೆ!

ಒಂದು ಮಾತು ನೆನಪಿಡಿ ಸೋದರಿಯರೇ. ಬಯಲಿನ ಬೆಳಕು ಹೆಚ್ಚು ಉಪಯೋಗಕ್ಕೆ ಬರುವುದು ದೋಷ ಬರುವ ಮುಂಚೆ. ಬಂದ ಮೇಲೆ ಅದೊಂದೇ ಸಾಲದು. ಅದಕ್ಕೇ ದೊಡ್ಡವಳಿಗೆ ಸರಿಯಾದ ನಂಬರಿನ ಕನ್ನಡಕದ ಜೊತೆ ಅಟ್ರೋಪಿನ್ ಎಂಬ ಔಷಧಿಯನ್ನು, ಶೇಕಡ 0.01ರಷ್ಟು ತೆಳುವಾದದ್ದನ್ನು, ರಾತ್ರಿ ಮಲಗುವ ಮುಂಚೆ ಕಣ್ಣಿಗೆ ಒಂದೊಂದು ಹನಿ ಬಿಡಲು ಬರೆದುಕೊಟ್ಟರು. ಎಲ್ಲ ಮಕ್ಕಳಿಗೂ ಇದು ಒಂದೇ ಸಮನೆ ನಾಟುವುದಿಲ್ಲ. ಹಾಂಗ್‌ಕಾಂಗಿನ ಪರೀಕ್ಷೆಯಲ್ಲಿ 0.05ರದ್ದು ಹೆಚ್ಚು ಫಲ ಕೊಟ್ಟಿತು. ಯಾರಿಗೆ ಎಷ್ಟು ಎಂಬುದನ್ನು ಡಾಕ್ಟರೇ ಹೇಳಬೇಕು. ಈ ಅಟ್ರೋಪಿನ್ ನಮ್ಮ ದತ್ತೂರಿ ಗಿಡದಲ್ಲೂ ಇದೆಯಂತೆ. ಹಾಗೆಂದು ಹಿತ್ತಿಲಿನ ದತ್ತೂರಿಯ ರಸ ಕಣ್ಣಿಗೆ ಬಿಟ್ಟೀರಿ, ಜೋಕೆ! ಅದು ವಿಷ.

ಹೊಸ ಕನ್ನಡಕ ಹಾಕಿಕೊಂಡು ಅಂಗಡಿಯಿಂದ ಹೊರಗೆ ಬಂದವಳು ರಸ್ತೆಯಾಚೆಯ ತೆಂಗಿನ ಮರ ನೋಡುತ್ತ ನಿಂತುಬಿಟ್ಟಳು. “ಅಮ್ಮಾ, ಗರಿ ಎಲ್ಲಾ ಬೇರೆ ಬೇರೆ ಕಾಣ್ಸತ್ತೆ!” ತೆಂಗಿನ ಸೀಮೆಯಲ್ಲೇ ಹುಟ್ಟಿದ ಮಗು ಗರಿಯ ಎಳೆಗಳನ್ನು ಮರೆತೇ ಬಿಟ್ಟಿತ್ತು.

ಅಂದಿನಿಂದ ನಮ್ಮ ಮನೆಯ ಪದ್ಧತಿ ಬದಲಾಯಿತು. ಶಾಲೆಗೆ ನಡೆದೇ ಹೋಗುತ್ತಾರೆ. ಸಂಜೆ ಬಂದೊಡನೆ ತಿಂಡಿ, ಆಮೇಲೆ ಕತ್ತಲಾಗುವವರೆಗೆ ಬಯಲು. ಹೋಂವರ್ಕ್ ಏನಿದ್ದರೂ ದೀಪ ಹಚ್ಚಿದ ಮೇಲೆ. ಬೇಸಿಗೆ ರಜದಲ್ಲಿ ಮಹಡಿಯ ಮೇಲೆ ಸಂಡಿಗೆ, ಹಪ್ಪಳ ಒಣಹಾಕಿದಾಗ ಕಾಗೆ ಓಡಿಸುವ ಕೆಲಸ ಮಕ್ಕಳಿಬ್ಬರದು. ತಲೆಗೆ ಟೋಪಿ, ಕೂರಲು ತೊಟ್ಟಿಯ ನೆರಳು. ಸೂರ್ಯನನ್ನು ಮಾತ್ರ ನೇರ ನೋಡಬಾರದೆಂದು ಹೇಳಿಕೊಟ್ಟಿದ್ದೇನೆ. ಓದುವಾಗ ಮೊಣಕೈಯಿಂದ ಬೆರಳಿನ ಗೆಣ್ಣಿನವರೆಗಿನಷ್ಟು ದೂರದಲ್ಲಿ ಪುಸ್ತಕ ಇರಬೇಕು, ಮಲಗಿಕೊಂಡು ಓದಬಾರದು. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ಕಿಟಕಿಯಾಚೆ ನೋಡಬೇಕು. ನಾನು ಒಗ್ಗರಣೆ ಹಾಕುತ್ತಲೇ “ತೆಂಗಿನ ಮರ!” ಎಂದು ಕೂಗುತ್ತೇನೆ, ಇಬ್ಬರೂ ತಲೆ ಎತ್ತುತ್ತಾರೆ.

ದೊಡ್ಡವಳಿಗೆ ಈಗ ಹನ್ನೆರಡು. ವರ್ಷಕ್ಕೆ ಒಂದರಂತೆ ಏರುತ್ತಿದ್ದ ನಂಬರು ಕಳೆದ ಎರಡು ವರ್ಷದಲ್ಲಿ ಒಟ್ಟು ಮುಕ್ಕಾಲು ಏರಿ 3.50ಕ್ಕೆ ಬಂದಿದೆ. ಹನಿಯಿಂದಲೋ, ಬಿಸಿಲಿನಿಂದಲೋ, ವಯಸ್ಸಿನಿಂದಲೋ ಬೇರ್ಪಡಿಸಿ ಹೇಳಲಾಗದು ಎನ್ನುತ್ತಾರೆ ಡಾಕ್ಟರಮ್ಮ. ಪುಟ್ಟಿಗೆ ಏಳು. ಪ್ರತಿವರ್ಷ ಅಕ್ಕನ ಜೊತೆ ಅವಳ ಕಣ್ಣನ್ನೂ ತೋರಿಸುತ್ತೇವೆ, ಇದುವರೆಗೆ ದೋಷವಿಲ್ಲ. ಮಕ್ಕಳಿಬ್ಬರೂ ಒಂದು ಸುತ್ತು ಕಪ್ಪಾಗಿದ್ದಾರೆ. ಹಬ್ಬಕ್ಕೆ ಬಂದ ನೆಂಟರು ಅದನ್ನೇ ಎತ್ತಿ ಆಡಿದಾಗ ನಮ್ಮ ಅತ್ತೆಯವರೇ, “ಬಣ್ಣ ಇದ್ದು ಕಣ್ಣಿಲ್ದಿದ್ರೆ ಏನ್ ಮಾಡ್ತೀರ?” ಎಂದು ಬಾಯಿ ಮುಚ್ಚಿಸಿದರು.

ಅವತ್ತೂ ಕೋಡುಬಳೆ ಮಾಡಿದ್ದೆ. ನಾನು ಬಾಗಿಲಲ್ಲಿ ನಿಂತು ಕಣ್ಣು ಬಿಟ್ಟೆ. ಮಗಳು ಕನ್ನಡಕದೊಳಗಿಂದ ನನ್ನ ಮುಖ ಚೆನ್ನಾಗಿ ನೋಡಿದಳು. ನೋಡಿಯೂ ಇನ್ನೊಂದು ತೆಗೆದುಕೊಂಡಳು. ಈ ಸಲ ನನಗೆ ನಗು ತಡೆಯಲಾಗಲಿಲ್ಲ.