ಮಂದ್ರ ಪಂಚಮ

ಯುಕುಲೇಲೆಯನ್ನು ಗಂಭೀರವಾದ ವಾದ್ಯವೆಂದು ಪರಿಗಣಿಸುವವರು ನಮ್ಮಲ್ಲಿ ವಿರಳ. ಪುಟ್ಟ ಒಡಲು, ನಾಲ್ಕೇ ತಂತಿ, ಟಿಣಿಟಿಣಿಯೆನ್ನುವ ದನಿ. ಗಿಟಾರಿನ ಮರಿಯೆಂದು ನಕ್ಕು ಮುಂದೆ ಸಾಗುವುದೇ ವಾಡಿಕೆ. ಆದರೆ ಸೊಪ್ರಾನೊ, ಕನ್ಸರ್ಟ್, ಟೆನರ್ ಎಂಬ ಮೂವರ ತರುವಾಯ ಜನಿಸಿದವನಾದರೂ, ಅವರೆಲ್ಲರಿಗಿಂತ ಮೈಯಲ್ಲಿ ಬೆಳೆದು, ಕಂಠದಲ್ಲಿ ಗಂಡುದನಿಯನ್ನು ಪಡೆದ ಕಿರಿಯವನೊಬ್ಬನು ಆ ವಂಶದಲ್ಲಿದ್ದಾನೆ. ಅವನೇ ಬ್ಯಾರಿಟೋನ್.

ಅಮೆರಿಕದಲ್ಲಿ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗನು ರಜೆಗೆಂದು ಬಂದಾಗ ಇದನ್ನು ತಂದವನು, ಹಿಂದಿರುಗುವ ವೇಳೆಗೆ ಪೆಟ್ಟಿಗೆಯಲ್ಲಿ ಸ್ಥಳ ಸಾಲದೆ ನಮ್ಮಲ್ಲಿಯೇ ಬಿಟ್ಟುಹೋದನು. "ನಿಮ್ಮ ಶಾರೀರಕ್ಕೆಂದೇ ಮಾಡಿದ ಹಾಗಿದೆ ಮಾವ, ಇಟ್ಟುಕೊಳ್ಳಿ" ಎಂಬ ಅವನ ಮಾತಿನಲ್ಲಿ ಉಪಚಾರದೊಡನೆ ಸತ್ಯವೂ ಇದ್ದಿತು. ನನ್ನದು ಜನ್ಮತಃ ತಗ್ಗಿದ ಶಾರೀರ. ಬಾಲ್ಯದ ಭಜನೆಯ ಗೋಷ್ಠಿಗಳಲ್ಲಿ ಇತರರು ಹಿಡಿದ ಶ್ರುತಿಯನ್ನು ಮುಟ್ಟಲಾರದೆ ತಾಳವನ್ನು ಮಾತ್ರ ತಟ್ಟುತ್ತ ಕುಳಿತವನಿಗೆ, ತಾನಾಗಿಯೇ ಕೆಳಗಿಳಿದು ಬಂದು ಜೊತೆಗೂಡುವ ವಾದ್ಯವೊಂದು ದೊರೆತುದು ಸಾಮಾನ್ಯ ಭಾಗ್ಯವಲ್ಲ.

ಈ ಕುಲದ ಮೂಲವು ಅಟ್ಲಾಂಟಿಕ್ ಸಾಗರದಲ್ಲಿ ಪೋರ್ಚುಗೀಸರ ಅಧೀನದಲ್ಲಿದ್ದ ಮಡೀರಾ ದ್ವೀಪ. ಕಬ್ಬಿನ ತೋಟಗಳಲ್ಲಿ ದುಡಿಯಲೆಂದು ಕರಾರಿನ ಮೇಲೆ ಅಲ್ಲಿಂದ ಹೊರಟ 400ಕ್ಕೂ ಮಿಕ್ಕ ಜನರನ್ನು ಹೊತ್ತು, 1879ರ ಆಗಸ್ಟ್ 23ರಂದು ರೇವನ್ಸ್‌ಕ್ರಾಗ್ ಎಂಬ ಹಡಗು ಹವಾಯಿಯ ಹೊನೊಲುಲು ಬಂದರನ್ನು ಸೇರಿತು. ಅವರಲ್ಲಿದ್ದ ನುನೆಸ್, ಡಯಸ್, ಎಸ್ಪಿರಿಟೊ ಸಾಂಟೊ ಎಂಬ ಮೂವರು ಮರಗೆಲಸದವರು ಕಬ್ಬಿನ ತೋಟವನ್ನು ಬಿಟ್ಟು ನಗರದಲ್ಲಿ ನೆಲೆಸಿ, ತಮ್ಮ ನಾಡಿನ ಮಶೇಟಿ ಎಂಬ ಪುಟ್ಟ ತಂತೀವಾದ್ಯದ ಮಾದರಿಯನ್ನು ಅಲ್ಲಿನ ಕೋವಾ ಮರದಲ್ಲಿ ತಿದ್ದತೊಡಗಿದರು. ರಾಜನಾದ ಕಲಾಕೌವನು ಅದನ್ನು ಅರಮನೆಯ ವಿನೋದಕೂಟಗಳಿಗೆ ಬರಮಾಡಿಕೊಂಡ ಮೇಲೆ, ವಲಸೆಗಾರರ ವಾದ್ಯವು ದ್ವೀಪದ ಸ್ವಂತ ವಾದ್ಯವಾಯಿತು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಮಹಾಪ್ರದರ್ಶನವು ಅಮೆರಿಕದ ಜನರಿಗೆಲ್ಲ ಅದರ ಹುಚ್ಚು ಹಿಡಿಸಿತು. ಬ್ಯಾರಿಟೋನ್ ಹುಟ್ಟಿದುದಾದರೋ ಬಹಳ ತಡವಾಗಿ, 1940ರ ದಶಕದ ಕೊನೆಯಲ್ಲಿ; ನ್ಯೂಯಾರ್ಕಿನ ಫವಿಲ್ಲಾ ಮನೆತನದವರು ಮೊದಲಿಗರೋ, ಬಾಸ್ಟನ್ನಿನ ವೇಗಾ ಸಂಸ್ಥೆಗಾಗಿ ಅದನ್ನು ರೂಪಿಸಿದ ಎಡ್ಡಿ ಕಾನರ್ಸ್ ಮೊದಲಿಗನೋ ಎಂಬ ವಾದ ಇನ್ನೂ ತೀರಿಲ್ಲ. ಅದನ್ನು ಮನೆಮನೆಗೆ ಮುಟ್ಟಿಸಿದವನು ಮಾತ್ರ ರೇಡಿಯೋ ಮತ್ತು ಟೆಲಿವಿಷನ್ನಿನ ಆರ್ಥರ್ ಗಾಡ್‌ಫ್ರೇ ಎಂಬುದರಲ್ಲಿ ವಿವಾದವಿಲ್ಲ.

ಇನ್ನು ಶ್ರುತಿಯ ಮಾತು. ನನಗೆ ರುಚಿಸಿದುದು ಇದೇ. ಬ್ಯಾರಿಟೋನಿನ ತಂತಿಗಳು ಡಿ, ಜಿ, ಬಿ, ಇ. ಗಿಟಾರಿನ ಮೇಲಣ ನಾಲ್ಕು ತಂತಿಗಳೂ ಇವೇ. ಜಿಯನ್ನು ಷಡ್ಜವೆಂದು ಹಿಡಿದರೆ ಪ, ಸ, ಗ, ದ ಎಂದಾಗುತ್ತದೆ. ಸಣ್ಣ ಯುಕುಲೇಲೆಯಲ್ಲಿಯೂ, ಸಿಯನ್ನು ಷಡ್ಜವೆಂದುಕೊಂಡರೆ, ಸ್ವರಗಳು ಇವೇ. ಆದರೆ ಅಲ್ಲಿ ಪಂಚಮವು ಸ, ಗಗಳ ಮೇಲೆ ಏರಿ ಕುಳಿತಿರುವುದರಿಂದ ಸದಾ ಒಂದು ತುಂಟತನದ ದನಿ. ಬ್ಯಾರಿಟೋನಿನ ಪಂಚಮವು ಮಂದ್ರಕ್ಕೆ ಇಳಿದಿದೆ. ತಂಬೂರಿಯನ್ನು ಮೀಟುವ ಬೆರಳು ಮೊದಲು ಮುಟ್ಟುವುದೂ ಮಂದ್ರ ಪಂಚಮವನ್ನೇ ಅಲ್ಲವೆ? ಸಂಜೆ ಜಗಲಿಯಲ್ಲಿ ಕುಳಿತು ಹೆಬ್ಬೆರಳಿನಿಂದ ನಾಲ್ಕು ತಂತಿಗಳನ್ನೂ ಒಮ್ಮೆ ಸವರಿದರೆ, ದೂರದೇಶದ ಈ ಮರದ ಪೆಟ್ಟಿಗೆಯಿಂದ ಹೊರಡುವ ಮೊದಲ ನಾದಕ್ಕೆ ನನ್ನ ಕಿವಿಗೆ ಪರಿಚಯ ಹೇಳಬೇಕಾದ ಅಗತ್ಯವೇ ಬೀಳುವುದಿಲ್ಲ. ಕೊನೆಯ ತಂತಿಯನ್ನು ಮೂರನೆಯ ಮನೆಯಲ್ಲಿ ಒಂದೇ ಬೆರಳಿನಿಂದ ಅದುಮಿದರೆ ಧೈವತವು ತಾರಷಡ್ಜವಾಗಿ, ಪ, ಸ, ಗ, ಸ ಎಂದು ಜಿ ಮೇಜರ್ ಪೂರ್ಣವಾಗುತ್ತದೆ. ಗಿಟಾರಿನಲ್ಲಿ ಇದಕ್ಕೆ ಮೂರು ಬೆರಳುಗಳು ಸೆಣಸಬೇಕು. ಗಂಟುಗಂಟಾದ ನನ್ನ ಬೆರಳುಗಳಿಗೆ ಈ ವಿನಾಯಿತಿ ಪರಮಪ್ರಿಯವಾಗಿದೆ.

ದೋಷಗಳನ್ನು ಮುಚ್ಚಿಡಬಾರದು. ಗಮಕಕ್ಕೆ ಈ ವಾದ್ಯ ಒಲಿಯದು. ನೈಲಾನಿನ ತಂತಿಯನ್ನು ಎಷ್ಟು ಎಳೆದರೂ ತೋಡಿಯ ಗಾಂಧಾರ ಅದರಲ್ಲಿ ಹುಟ್ಟಲಾರದು. ಲೋಹದ ಎಳೆಯನ್ನು ಸುತ್ತಿದ ದಪ್ಪ ತಂತಿಯ ಮೇಲೆ ಬೆರಳು ಜಾರಿದಾಗಲೆಲ್ಲ ಕಿರ್ರೆನ್ನುವುದು ಬೇರೆ. "ಏನೂಂದ್ರೆ, ಬಾಗಿಲಿನ ತಿರುಗಣಿಗೆ ಎಣ್ಣೆ ಬಿಡಿ" ಎಂದು ಅಡಿಗೆಮನೆಯಿಂದ ಕೇಳಿಬರುವ ವಿಮರ್ಶೆಗೆ ನನ್ನಲ್ಲಿ ಉತ್ತರವಿಲ್ಲ. ಆದರೆ "ಎರಡು ತಂತಿ ಕಳೆದುಕೊಂಡ ಗಿಟಾರು" ಎಂಬ ಪಂಡಿತರ ತಿರಸ್ಕಾರವನ್ನು ನಾನು ಒಪ್ಪಲಾರೆ. ನಮ್ಮ ಮೈಸೂರಿನ ಚೌಡಯ್ಯನವರು ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಬೇಕೆಂದು ಪಿಟೀಲಿಗೆ ಏಳು ತಂತಿ ಹೂಡಿದರು. ಸಭೆಯೇ ಇಲ್ಲದವನಿಗೆ, ತಗ್ಗಿದ ದನಿಯಲ್ಲಿ ತನ್ನಷ್ಟಕ್ಕೆ ಭಾವಗೀತೆಯೊಂದನ್ನು ಗುನುಗುವವನಿಗೆ, ನಾಲ್ಕು ಧಾರಾಳವಾಯಿತು.

ಕೊಳ್ಳಬೇಕೆನ್ನುವವರಿಗೆ ಒಂದು ಸೂಚನೆ: ಸುಮಾರು 30 ಅಂಗುಲ ಉದ್ದದ್ದನ್ನೇ ಕೇಳಿ ಪಡೆಯಿರಿ, ದಪ್ಪ ತಂತಿಗಳಿಗೆ ಲೋಹದ ಸುತ್ತು ಇದೆಯೆ ಎಂದು ಬಿರಡೆಯ ಬಳಿ ಬೆರಳಾಡಿಸಿ ನೋಡಿರಿ. ಬ್ಯಾರಿಟೋನಿಗೂ ಸಣ್ಣ ವಾದ್ಯದ ಶ್ರುತಿಯ ತಂತಿಗಳನ್ನು ಕಟ್ಟಿ ಮಾರುವುದುಂಟು. ಆ ಶ್ರುತಿಯೇ ಬೇಕೆನ್ನುವವರು ಟೆನರನ್ನು ಕೊಳ್ಳುವುದು ಮೇಲು.