ಮುಳ್ಳು ಸೊನ್ನೆಗೆ ಬಿದ್ರೆ ಗೇರ್‌ಬಾಕ್ಸ್ ಬಿಚ್ಚಲೇಬೇಕಾ?

1/8
ಕಾರು 50ರಲ್ಲಿ ಓಡ್ತಾ ಇದೆ, ಆದ್ರೆ ಸ್ಪೀಡೋಮೀಟರ್ ಮುಳ್ಳು ಸೊನ್ನೆಯಲ್ಲಿದೆ. ಅದೇ ಹೊತ್ತಿಗೆ ಆಟೋಮ್ಯಾಟಿಕ್ ಗೇರ್ ಧಡ್ ಅಂತ ಒದೆಯುತ್ತೆ, ಚೆಕ್ ಎಂಜಿನ್ ಲೈಟ್ ಹತ್ಕೊಳ್ಳುತ್ತೆ, ಆಮೇಲೆ ಗೇರ್ ಮೂರರಲ್ಲೇ ಕಚ್ಚಿಕೊಂಡು ಕೂರುತ್ತೆ. ನಮ್ಮ ಮಾಮನ ಹಳೇ ಸೆಡಾನ್‌ಗೆ ಆಗಿದ್ದು ಇದೇ. ಒಂದು ಗ್ಯಾರೇಜಿನವರು ಓಡಿಸಿ ನೋಡಿ, ‘ಗೇರ್‌ಬಾಕ್ಸ್ ಬಿಚ್ಚಬೇಕು, 85,000 ಆಗುತ್ತೆ, ಇಲ್ಲಾಂದ್ರೆ ಸ್ಕ್ರ್ಯಾಪ್ ರೇಟಿಗೆ ಕೊಟ್ಬಿಡಿ’ ಅಂದ್ರು.

ಕೊಟ್ಬಿಡೋದು ಅಷ್ಟು ಸುಲಭ ಇರ್ಲಿಲ್ಲ. ಮಾಮನ ಎಡಗಾಲಿಗೆ ಆಪರೇಷನ್ ಆಗಿ ಒಳಗೆ ರಾಡ್ ಇದೆ. ಕ್ಲಚ್ ಒತ್ತೋಕಾಗಲ್ಲ. ಹಾಸನದಿಂದ ಬೇಲೂರಿಗೆ ವಾರಕ್ಕೆರಡು ಸಲ ಕೆಲಸಕ್ಕೆ ಹೋಗೋದು ಈ ಕಾರಲ್ಲೇ. ಕಾರು ಹೋದ್ರೆ ಪ್ರತಿ ಸಲ ಯಾರನ್ನಾದ್ರೂ ‘ಸ್ವಲ್ಪ ಬಿಟ್ಟು ಬರ್ತೀರಾ’ ಅಂತ ಕೇಳ್ಬೇಕು. ಮಾಮ ಹಸಿವಾದ್ರೂ ಇನ್ನೊಬ್ರ ಮನೇಲಿ ಕೇಳೋ ಜಾತಿ ಅಲ್ಲ.

ಕ್ಲಾಸಲ್ಲಿ ಈ ಕಥೆ ಅರ್ಧ ಹೇಳಿದ್ದೆ, ಪೂರ್ತಿ ಬರಿ ಅಂದ್ರಿ. ಬರೀತಿದೀನಿ. ಸೇವ್ ಮಾಡ್ಕೊಳ್ಳಿ, ಎಂಟು ಭಾಗ ಇದೆ.

2/8
ಮೊದಲು ಈ ಸೆನ್ಸರ್ ಏನು ಮಾಡುತ್ತೆ ಅಂತ ತಿಳ್ಕೊಳ್ಳೋಣ.

ಆಟೋಮ್ಯಾಟಿಕ್ ಕಾರಲ್ಲಿ ಯಾವ ಗೇರ್ ಯಾವಾಗ ಅಂತ ತೀರ್ಮಾನ ಮಾಡೋದು ಒಂದು ಪುಟ್ಟ ಕಂಪ್ಯೂಟರ್. ಅದಕ್ಕೆ ಮುಖ್ಯವಾಗಿ ಎರಡು ವಿಷಯ ಗೊತ್ತಾಗ್ಬೇಕು: ನೀವು ಆಕ್ಸಿಲರೇಟರ್ ಎಷ್ಟು ಒತ್ತಿದೀರಿ, ಕಾರು ಎಷ್ಟು ವೇಗದಲ್ಲಿದೆ. ಎರಡನೆಯದನ್ನ ಹೇಳೋದು ವೆಹಿಕಲ್ ಸ್ಪೀಡ್ ಸೆನ್ಸರ್. ಮಾಮನ ಕಾರಲ್ಲಿ ಅದು ಗೇರ್‌ಬಾಕ್ಸ್ ಮೇಲೆ ಕೂತಿದೆ (ಎರಡನೇ ಫೋಟೋ, ಹೆಬ್ಬೆರಳು ಗಾತ್ರದ ಕಪ್ಪು ಪ್ಲಾಸ್ಟಿಕ್). ಕೆಳಗಡೆ ಒಂದು ಚಿಕ್ಕ ಹಲ್ಲಿನ ಚಕ್ರ. ಕಾರು ಓಡಿದ್ರೆ ಅದು ತಿರುಗುತ್ತೆ, ತಿರುಗಿದಾಗ ಸೆನ್ಸರ್ ಮಿಡಿತ ಕಳಿಸುತ್ತೆ. ಸೆಕೆಂಡಿಗೆ ಎಷ್ಟು ಮಿಡಿತ ಅಂತ ಎಣಿಸಿ ಕಂಪ್ಯೂಟರ್ ವೇಗ ಲೆಕ್ಕ ಹಾಕುತ್ತೆ.

ಲೆಕ್ಕ ಇಷ್ಟವಾದವರಿಗೆ: ಹಲವು ಹಳೇ ಜಪಾನಿ ಕಾರುಗಳಲ್ಲಿ ಈ ಚಕ್ರ ಒಂದು ಕಿಲೋಮೀಟರಿಗೆ 637 ಸುತ್ತು ಸುತ್ತುತ್ತೆ. ಸುತ್ತಿಗೆ 4 ಮಿಡಿತ. ಅಂದ್ರೆ ಕಿಲೋಮೀಟರಿಗೆ 2,548 ಮಿಡಿತ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 42.

ಮಿಡಿತ ನಿಂತ್ರೆ ಕಂಪ್ಯೂಟರಿಗೆ ಕಾರು ನಿಂತ ಹಾಗೆ. ಆದ್ರೆ ಎಂಜಿನ್ ಜೋರಾಗಿ ತಿರುಗ್ತಾ ಇದೆ. ಲೆಕ್ಕ ಹೊಂದಲ್ಲ. ಹೊಂದದೇ ಇದ್ದಾಗ ಅದು ಗೇರ್‌ಬಾಕ್ಸ್ ಉಳಿಸೋಕೆ ಒಂದೇ ಗೇರ್ ಹಿಡ್ಕೊಂಡು ಕೂರುತ್ತೆ. ಇದಕ್ಕೆ ಲಿಂಪ್ ಮೋಡ್ ಅಂತಾರೆ, ಕುಂಟ್ಕೊಂಡು ಮನೆ ಸೇರು ಅಂತ. ಓಡಿಸೋರಿಗೆ ಮಾತ್ರ ಗೇರ್‌ಬಾಕ್ಸೇ ಸತ್ತಂಗೆ ಅನ್ಸುತ್ತೆ.

3/8
ಗ್ಯಾರೇಜಿನವರು ಮೋಸ ಮಾಡಿದ್ರು ಅಂತ ನಾನು ಹೇಳಲ್ಲ. ಒದೆತ ಗೇರಿಂದ ಬಂತು, ಅವರು ಗೇರ್ ಹೆಸರು ಹೇಳಿದ್ರು. ನನಗೆ ಒಂದೇ ಒಂದು ವಿಷಯ ಹೊಂದ್ಲಿಲ್ಲ.

ಗೇರ್‌ಬಾಕ್ಸ್ ಒಳಗಿನ ಕ್ಲಚ್ ಪ್ಲೇಟ್ ಸವೆದು ಜಾರಿದ್ರೆ ಏನಾಗುತ್ತೆ? ಎಂಜಿನ್ ಅರಚುತ್ತೆ, ಕಾರು ಮುಂದೆ ಹೋಗಲ್ಲ. ಆದ್ರೆ ಚಕ್ರ ಎಷ್ಟು ತಿರುಗುತ್ತೋ ಅಷ್ಟನ್ನ ಸ್ಪೀಡೋಮೀಟರ್ ಸರಿಯಾಗೇ ತೋರಿಸುತ್ತೆ. ಇಲ್ಲಿ ಕಾರು ಓಡ್ತಿತ್ತು, ಮುಳ್ಳು ಸೊನ್ನೆ ತೋರಿಸ್ತಿತ್ತು. ಜಾರೋ ಗೇರ್‌ಬಾಕ್ಸ್ ಮುಳ್ಳನ್ನ ಸೊನ್ನೆಗೆ ಬೀಳಿಸೋಕೆ ಸಾಧ್ಯ ಇಲ್ಲ. ಮುಳ್ಳು ಬೀಳ್ಬೇಕು ಅಂದ್ರೆ ಸುದ್ದಿ ತರೋನು ದಾರೀಲಿ ಕೈ ಕೊಟ್ಟಿರ್ಬೇಕು.

ನಮ್ಮ ಬೀದಿಯಲ್ಲಿ ಒಬ್ರು ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ, ನಾವೆಲ್ಲ ಅಣ್ಣ ಅಂತೀವಿ. ಅವರಿಗೆ ಇದನ್ನ ಹೇಳ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಭಾನುವಾರ ತಗೊಂಬಾ, ನೋಡೋಣ. ಅಲ್ಲಿತನಕ ಯಾರ ಕೈಲೂ ಬಿಚ್ಚಿಸ್ಬೇಡಿ’ ಅಂದ್ರು.

ಕಾಮರ್ಸ್ ಗೆಳೆಯರೇ, ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ಲಿಲ್ಲ ಅಂದ್ರೆ ಅಂಗಡಿ ಮಾರಲ್ಲ ಅಲ್ವಾ? ಒಂದೊಂದೇ ಲೆಡ್ಜರ್ ತೆಗೀತೀವಿ. ಭಾನುವಾರ ನಾವು ಮಾಡಿದ್ದು ಅದನ್ನೇ. ನನ್ನ ಕೆಲಸ ಟಾರ್ಚ್ ಹಿಡಿಯೋದು, ರೀಡಿಂಗ್ ಬರ್ಕೊಳ್ಳೋದು.

4/8
ಮೊದಲ ಹೆಜ್ಜೆ, ಸ್ಕ್ಯಾನರ್.

ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತೆ. ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ ಆಯ್ತು, ಈಗ ನಮ್ಮ ಕಾರುಗಳಲ್ಲೂ ಅದೇ ಸಾಕೆಟ್. ಅಣ್ಣ ಸ್ಕ್ಯಾನರ್ ಚುಚ್ಚಿದ್ರು. ಬಂದ ಕೋಡ್ ಒಂದೇ: ಪಿ0500. ವೆಹಿಕಲ್ ಸ್ಪೀಡ್ ಸೆನ್ಸರ್. ಗೇರ್ ಅನುಪಾತ ತಪ್ಪಿದ್ರೆ ಬರೋ ಪಿ0730 ಇರ್ಲಿಲ್ಲ.

‘ಹಂಗಾದ್ರೆ ಸೆನ್ಸರ್ ತಂದ್ಬಿಡ್ಲಾ ಅಣ್ಣ?’ ಅಂದೆ.

‘ಕೋಡ್ ಓದೋದು ಎರಡು ನಿಮಿಷದ ಕೆಲ್ಸ ಕಣಪ್ಪ. ಅದು ಬೀದಿ ಹೆಸರು ಹೇಳುತ್ತೆ, ಮನೆ ನಂಬರ್ ಹೇಳಲ್ಲ.’

ಅಂದ್ರೆ, ಸೆನ್ಸರ್ ಹೋಗಿರಬಹುದು, ವೈರ್ ಕಟ್ ಆಗಿರಬಹುದು, ಕನೆಕ್ಟರ್‌ನಲ್ಲಿ ಪಾಚಿ ಕಟ್ಟಿರಬಹುದು, ಹಲ್ಲಿನ ಚಕ್ರ ಸವೆದಿರಬಹುದು. ನಾಲ್ಕಕ್ಕೂ ಕೋಡ್ ಒಂದೇ ಬರುತ್ತೆ.

ಆಮೇಲೆ ಅವರು ತೆಗೆದಿದ್ದು ಫ್ರೀಜ್ ಫ್ರೇಮ್. ಕೋಡ್ ಬಿದ್ದ ಕ್ಷಣದಲ್ಲಿ ಕಾರು ಹೇಗಿತ್ತು ಅಂತ ಕಂಪ್ಯೂಟರ್ ಒಂದು ಚಿತ್ರ ಹಿಡಿದಿಟ್ಟಿರುತ್ತೆ. ನಮ್ಮದರಲ್ಲಿ ಹೀಗಿತ್ತು: ಎಂಜಿನ್ 2,150 ಆರ್‌ಪಿಎಂ, ಕೂಲಂಟ್ 94 ಡಿಗ್ರಿ, ವೇಗ 0. ಮಾಮ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತಿದ್ರು. ‘ಬೆಳಗ್ಗೆ ಹೊರಟಾಗ ಚೆನ್ನಾಗೇ ಇರುತ್ತೆ. ಅರ್ಧ ದಾರಿ ಆದ್ಮೇಲೇ ಶುರು’ ಅಂದ್ರು. ಅಣ್ಣ ನನ್ನ ನೋಟ್‌ಬುಕ್ ಕಡೆ ಬೆರಳು ತೋರಿಸಿ, ‘94 ಅಂತ ದೊಡ್ಡದಾಗಿ ಬರ್ಕೋ’ ಅಂದ್ರು.

5/8
ಎರಡನೇ ಹೆಜ್ಜೆ, ಕಣ್ಣು ಮೂಗು. ಗೇರ್ ಆಯಿಲ್ ಕಡ್ಡಿ ತೆಗೆದು ಬಿಳಿ ಬಟ್ಟೆಗೆ ಒರೆಸಿದ್ವಿ. ಬಣ್ಣ ಇನ್ನೂ ಕೆಂಪು, ಸುಟ್ಟ ವಾಸನೆ ಇಲ್ಲ, ಮಟ್ಟ ಸರಿ ಇದೆ. ಪ್ಲೇಟ್ ಸುಟ್ಟಿದ್ರೆ ಆಯಿಲ್ ಕಂದು ತಿರುಗಿ ಕಮಟು ವಾಸನೆ ಬರುತ್ತೆ. ಕನೆಕ್ಟರ್ ಬಿಚ್ಚಿ ನೋಡಿದ್ರೆ ಪಿನ್‌ಗಳು ಚೊಕ್ಕ.

ಮೂರನೇ ಹೆಜ್ಜೆ, ಮಲ್ಟಿಮೀಟರ್. ಈ ಸೆನ್ಸರ್‌ಗೆ ಮೂರು ವೈರ್: ಒಂದು ಕರೆಂಟ್ ಕೊಡೋದು, ಒಂದು ಅರ್ತ್, ಒಂದು ಸುದ್ದಿ ಒಯ್ಯೋದು. (ಎರಡೇ ವೈರಿನ ಸೆನ್ಸರ್ ಬೇರೆ ಜಾತಿ. ಅದು ಮ್ಯಾಗ್ನೆಟ್‌ನಿಂದ ತಾನೇ ಕರೆಂಟ್ ಹುಟ್ಟಿಸುತ್ತೆ, ಅದನ್ನ ಓಮ್ಸ್‌ನಲ್ಲಿ ಅಳೀಬಹುದು. ಮೂರು ವೈರಿನದನ್ನ ಓಮ್ಸ್‌ನಲ್ಲಿ ಅಳೆದ್ರೆ ಏನೂ ಗೊತ್ತಾಗಲ್ಲ.)

ಕೀ ಆನ್, ಎಂಜಿನ್ ಆಫ್. ನೋಟ್‌ಬುಕ್‌ನಲ್ಲಿ ಇರೋದು:
ಕರೆಂಟ್ ವೈರ್: 12.3 ವೋಲ್ಟ್.
ಅರ್ತ್ ವೈರಿಂದ ಬ್ಯಾಟರಿ ಮೈನಸ್‌ಗೆ: 0.02 ವೋಲ್ಟ್. 0.1ಕ್ಕಿಂತ ಕಮ್ಮಿ ಇದ್ರೆ ಸರಿ.
ಸಿಗ್ನಲ್ ವೈರ್, ಸೆನ್ಸರ್ ಕಿತ್ತಾಗ: 4.9 ವೋಲ್ಟ್. ಇದು ಕಂಪ್ಯೂಟರ್ ಆ ಕಡೆಯಿಂದ ಕಳಿಸೋದು. ಅದು ಇಲ್ಲಿಗೆ ಬಂದಿದೆ ಅಂದ್ರೆ ಆ ವೈರ್ ಕಟ್ ಆಗಿಲ್ಲ.

ಕೆಲವು ಕಾರಲ್ಲಿ 12ರ ಬದಲು 5 ವೋಲ್ಟ್ ಬರುತ್ತೆ. ನಿಮ್ಮ ಕಾರಿನ ಸರ್ಕ್ಯೂಟ್ ಚಿತ್ರ ನೋಡ್ಕೊಂಡೇ ಅಳೀರಿ.

6/8
ನಾಲ್ಕನೇ ಹೆಜ್ಜೆ, ಮಿಡಿತ ನೋಡೋದು. ಇಲ್ಲಿ ಎಚ್ಚರ ಬೇಕು.

ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರ ಎತ್ತಿ, ಜಾಕ್ ಜೊತೆಗೆ ಸ್ಟ್ಯಾಂಡ್ ಇಟ್ವಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈ ಹಾಕ್ಬೇಡಿ. ಗೇರ್ ನ್ಯೂಟ್ರಲ್. ಕನೆಕ್ಟರ್ ವಾಪಸ್ ಹಾಕಿ, ಹಿಂದಿನಿಂದ ಸಿಗ್ನಲ್ ವೈರಿಗೆ ಸೂಜಿ ತಾಗಿಸಿ, ಚಕ್ರ ಕೈಯಲ್ಲಿ ನಿಧಾನ ತಿರುಗಿಸ್ಬೇಕು. ಎರಡೂ ಮುಂದಿನ ಚಕ್ರ ಎತ್ತಿದ್ರೆ ಒಂದನ್ನ ತಿರುಗಿಸಿದಾಗ ಇನ್ನೊಂದು ಉಲ್ಟಾ ತಿರುಗುತ್ತೆ, ಒಳಗಿನ ಗೇರ್ ಮಿಸುಕಲ್ಲ, ಸೆನ್ಸರ್ ಸುಮ್ಮನಿರುತ್ತೆ. ಅದಕ್ಕೇ ಒಂದು ನೆಲದ ಮೇಲೇ ಇರ್ಬೇಕು.

ತಿರುಗಿಸ್ದೆ. 4.9... 0... 4.9... 0. ಚಕ್ರ ಒಂದು ಸುತ್ತು ಬಂದ್ರೆ ಎರಡು-ಮೂರು ಸಲ. ಸೆನ್ಸರ್ ಚೆನ್ನಾಗಿದೆ!

ಮಾಮನ ಮುಖ ಸಪ್ಪಗಾಯ್ತು. ‘ಹಂಗಾದ್ರೆ ಅವರು ಹೇಳಿದ್ದೇ ನಿಜ ಇರ್ಬೇಕು ಬಿಡೋ. ಇದರ ಸಾವಾಸ ಸಾಕು’ ಅಂದ್ರು.

ಅಣ್ಣ ಎಲೆಅಡಿಕೆ ಹಾಕ್ಕೊಳ್ತಾ, ‘ಸಾರ್, ಜ್ವರ ಇಲ್ಲದಾಗ ಡಾಕ್ಟ್ರ ಹತ್ರ ಹೋದ್ರೆ ಏನ್ ಸಿಗುತ್ತೆ? ಇವನಿಗೆ ಜ್ವರ ಬರೋದು 94ಕ್ಕೆ. ಒಂದು ರೌಂಡ್ ಹೊಡೀರಿ’ ಅಂದ್ರು.

ಬೇಲೂರು ರಸ್ತೆಯಲ್ಲಿ ಹೊರಟ್ವಿ. ಮಾಮ ಸ್ಟೀರಿಂಗ್ ಹಿಡಿದ್ರು, ನಾನು ಪಕ್ಕದಲ್ಲಿ ಒಂದು ಫೋನಲ್ಲಿ ಜಿಪಿಎಸ್ ವೇಗ, ಇನ್ನೊಂದರಲ್ಲಿ ಸ್ಕ್ಯಾನರ್ ವೇಗ ಇಟ್ಕೊಂಡು ಕೂತೆ. 46, 46. 52, 51. ಇಪ್ಪತ್ತಮೂರನೇ ನಿಮಿಷಕ್ಕೆ ಜಿಪಿಎಸ್ 48, ಸ್ಕ್ಯಾನರ್ 0. ಧಡ್!

7/8
ನಿಧಾನವಾಗಿ ವಾಪಸ್ ಬಂದು, ಬಿಸಿ ಆರೋ ಮುಂಚೆ ಅದೇ ಅಳತೆಗಳನ್ನ ಮತ್ತೆ ತಗೊಂಡ್ವಿ. ಸೈಲೆನ್ಸರ್ ಪೈಪ್ ಹತ್ರ ಕೈ ಹೋಗದಂಗೆ ನೋಡ್ಕೊಂಡು.

ಕರೆಂಟ್ 12.2. ಅರ್ತ್ 0.02. ಕಿತ್ತಾಗ ಸಿಗ್ನಲ್ 4.9. ವೈರ್ ಅಲ್ಲಾಡಿಸಿದ್ರೂ ಒಂದೂ ಬದಲಾಗ್ಲಿಲ್ಲ. ವಾಪಸ್ ಹಾಕಿ ಚಕ್ರ ತಿರುಗಿಸಿದ್ರೆ 4.9, 4.9, 4.9. ಇಳೀಲೇ ಇಲ್ಲ.

ಉಳಿದಿದ್ದು ಎರಡೇ: ಹಲ್ಲಿನ ಚಕ್ರ ಅಥವಾ ಸೆನ್ಸರ್. ಒಂದೇ ಬೋಲ್ಟ್ ಬಿಚ್ಚಿ ಸೆನ್ಸರ್ ಹೊರಗೆ ತೆಗೆದ್ರು. ಹಲ್ಲು ಎಲ್ಲ ನೆಟ್ಟಗಿತ್ತು. ಕನೆಕ್ಟರ್ ಹಾಗೇ ಇಟ್ಟು ಬೆರಳಲ್ಲಿ ತಿರುಗಿಸಿದ್ರು. 4.9. ನೆರಳಲ್ಲಿ ಇಟ್ಟು ಮುಕ್ಕಾಲು ಗಂಟೆ ಕಾದ್ವಿ, ಟೀ ಕುಡಿದ್ವಿ. ಮತ್ತೆ ತಿರುಗಿಸಿದ್ರೆ 4.9, 0, 4.9, 0.

ತಣ್ಣಗಿದ್ರೆ ಜೀವ, ಬಿಸಿ ಆದ್ರೆ ಸಾವು. ವೈರ್, ಅರ್ತ್, ಚಕ್ರ ಎಲ್ಲದರ ಮೇಲೂ ಟಿಕ್ ಬಿದ್ದ ಮೇಲೆ ಸೆನ್ಸರ್ ಒಂದರ ಹೆಸರು ಉಳೀತು. ಇಂಥ ಸೆನ್ಸರ್‌ಗಳ ಒಳಗಿನ ಎಲೆಕ್ಟ್ರಾನಿಕ್ಸ್ ವಯಸ್ಸಾದ್ಮೇಲೆ ಬಿಸಿಗೆ ಹೀಗೆ ಕೈ ಕೊಡುತ್ತೆ.

ಹೊಸ ಸೆನ್ಸರ್ 2,100. ರಬ್ಬರ್ ರಿಂಗಿಗೆ ಗೇರ್ ಆಯಿಲ್ ಸವರಿ ಕೂರಿಸಿದ್ರು, ಕೋಡ್ ಅಳಿಸಿದ್ರು. ಅಣ್ಣನ ಕೂಲಿ 600. ಒಟ್ಟು 2,700. ಮಾರನೇ ದಿನ ಬೇಲೂರಿಗೆ ಹೋಗಿ ಬಂದ್ವಿ. ಬಿಸಿ ಏರಿದ ಮೇಲೂ ಎರಡು ಫೋನೂ ಒಂದೇ ಮಾತು ಹೇಳ್ತಿದ್ವು. ಮಾಮ ಏನೂ ಮಾತಾಡ್ಲಿಲ್ಲ, ದೇವಸ್ಥಾನದ ಹತ್ರ ಇಳಿದು ನಂಗೊಂದು ಮಸಾಲೆ ದೋಸೆ ಕೊಡಿಸಿದ್ರು.

8/8
ಈಗ ನಿಮಗೆ ಉಪಯೋಗ ಆಗೋದು.

ಎಲ್ಲ ಕಾರಲ್ಲೂ ಈ ಸೆನ್ಸರ್ ಪ್ರತ್ಯೇಕವಾಗಿ ಇರಲ್ಲ. ಈಗಿನ ಎಷ್ಟೋ ಕಾರುಗಳು ಎಬಿಎಸ್‌ನ ಚಕ್ರದ ಸೆನ್ಸರ್‌ಗಳಿಂದಲೇ ವೇಗ ತಗೊಳ್ಳುತ್ತವೆ. ಎಬಿಎಸ್ ಲೈಟ್ ಕೂಡ ಹತ್ತಿದ್ರೆ ಹುಡುಕಾಟ ಅಲ್ಲಿಂದ ಶುರು ಆಗ್ಬೇಕು.

ಮುಳ್ಳು ಸೊನ್ನೆಯಲ್ಲಿದ್ದಾಗ ಓಡಿದ ಕಿಲೋಮೀಟರ್ ಓಡೋಮೀಟರ್‌ನಲ್ಲಿ ಸೇರಿರಲ್ಲ. ನಮ್ಮ ಕಾರಲ್ಲಿ ಒಂದೂವರೆ ತಿಂಗಳ ಬೇಲೂರು ಓಡಾಟದಲ್ಲಿ ಅರ್ಧದಷ್ಟು ಹೀಗೇ ಹೋಗಿದೆ. ಅಂದಾಜು ಲೆಕ್ಕ ಹಾಕಿ ಸರ್ವಿಸ್ ಪುಸ್ತಕದಲ್ಲಿ ತಾರೀಖಿನ ಸಮೇತ ಬರೆದಿಟ್ಟೆ. ಆಯಿಲ್ ಬದಲಾಯಿಸೋಕೂ ಬೇಕು, ಮುಂದೆ ಮಾರಿದ್ರೆ ತಗೊಳ್ಳೋರಿಗೂ ಹೇಳ್ಬೇಕು.

ಗ್ಯಾರೇಜಲ್ಲಿ ದೊಡ್ಡ ಮೊತ್ತ ಹೇಳಿದ್ರೆ ಜಗಳ ಆಡ್ಬೇಡಿ, ನಾಲ್ಕು ಪ್ರಶ್ನೆ ಕೇಳಿ:
ಯಾವ ಕೋಡ್ ಬಂತು?
ಫ್ರೀಜ್ ಫ್ರೇಮ್‌ನಲ್ಲಿ ಏನಿತ್ತು?
ಓಡಿಸುವಾಗ ಲೈವ್ ಡೇಟಾ ನೋಡಿದ್ರಾ?
ಕರೆಂಟ್, ಅರ್ತ್, ಸಿಗ್ನಲ್ ಮೂರೂ ಅಳೆದ್ರಾ, ಅದೂ ತೊಂದರೆ ಕಾಣಿಸಿಕೊಂಡ ಹೊತ್ತಲ್ಲಿ?

ಇದಕ್ಕೆ ಉತ್ತರ ಇರೋ ಮೆಕ್ಯಾನಿಕ್ ಸಿಕ್ರೆ ಅವರ ನಂಬರ್ ಮನೆಯವರಿಗೆಲ್ಲ ಕೊಡಿ. ಉತ್ತರ ಇಲ್ಲದೇ ಇದ್ರೆ, ಏನೂ ಬಿಚ್ಚಿಸದೆ ಕೀ ವಾಪಸ್ ಇಸ್ಕೊಂಡು ಬನ್ನಿ.

ನಿಮ್ಮ ಮನೆ ಗಾಡಿಗೂ ಹೀಗೆ ಏನಾದ್ರೂ ‘ಬಿಚ್ಚಲೇಬೇಕು’ ಅಂದಿದ್ರಾ? ಕಾಮೆಂಟಲ್ಲಿ ಹಾಕಿ, ಅಣ್ಣನ್ನ ಕೇಳಿ ಹೇಳ್ತೀನಿ. ಮುಂದಿನ ವಾರ ಬ್ಯಾಟರಿ ಬಗ್ಗೆ.

#ಕನ್ನಡದಲ್ಲಿ_ಕಾರು #ಸ್ಪೀಡ್_ಸೆನ್ಸರ್ #ಹಾಸನ #ಮಾಮನ_ಕಾರು