ಪ್ರೊಸೆಸರ್ ಆಮೇಲೆ, ಮೊದಲು ಬೋರ್ಡ್ ನೋಡಿ

ಗೇಮಿಂಗ್ ಕಂಪ್ಯೂಟರ್ ಅಪ್‌ಗ್ರೇಡ್ ಮಾಡ್ಬೇಕು, ಯಾವ ಪ್ರೊಸೆಸರ್ ತಗೊಳ್ಲಿ ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳೋದು ಒಂದೇ ಪ್ರಶ್ನೆ: ಈಗಿರೋ ಮದರ್‌ಬೋರ್ಡ್ ಯಾವುದು? ಹೆಚ್ಚಿನವರಿಗೆ ಗೊತ್ತಿರಲ್ಲ. ಪ್ರೊಸೆಸರ್ ಹೆಸರು ಬಾಯಿಪಾಠ ಇರುತ್ತೆ, ಗ್ರಾಫಿಕ್ಸ್ ಕಾರ್ಡ್ ಹೆಸರನ್ನಂತೂ ಹೆಮ್ಮೆಯಿಂದ ಹೇಳ್ತಾರೆ. ಆದರೆ ಜೇಬಿನಲ್ಲಿ ದುಡ್ಡು ಕಡಿಮೆ ಇದ್ದಾಗ ಖರ್ಚು 10 ಸಾವಿರದಲ್ಲಿ ಮುಗಿಯುತ್ತಾ, 35 ಸಾವಿರ ದಾಟುತ್ತಾ ಅನ್ನೋದನ್ನ ತೀರ್ಮಾನಿಸೋದು ಆ ಬೋರ್ಡೇ.

2024ರಲ್ಲಿ ಈ ಪ್ರಶ್ನೆ ನಮ್ಮ ಮನೆಯಿಂದಲೇ ಬಂತು. ತಮ್ಮನಿಗೆ ಮೈಸೂರಿನಲ್ಲಿ ಮೊದಲ ಕೆಲಸ, ಕೈಗೆ ಬರೋದು ತಿಂಗಳಿಗೆ 24 ಸಾವಿರ. ಅವನ ಹತ್ತಿರ ಇದ್ದದ್ದು 2020ರ ಲಾಕ್‌ಡೌನ್‌ನಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಅಪ್ಪ ಕೊಡಿಸಿದ ಕಂಪ್ಯೂಟರ್: ರೈಜನ್ 3 3200ಜಿ ಪ್ರೊಸೆಸರ್, ಬಿ450 ಬೋರ್ಡ್, 8 ಜಿಬಿ ರ‍್ಯಾಮ್. ಆಮೇಲೆ ಅವನೇ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1660 ಸೂಪರ್ ಕಾರ್ಡ್ ಹಾಕಿಸಿಕೊಂಡಿದ್ದ. ಆದರೂ ಗೇಮ್ ನಡುನಡುವೆ ತಡವರಿಸ್ತಿತ್ತು.

"ಅಕ್ಕ, ಎಎಂ5 ಬೋರ್ಡ್, ರೈಜನ್ 5 7600, ಹೊಸ ರ‍್ಯಾಮ್, ಎಲ್ಲಾ ಸೇರಿ 35 ಸಾವಿರ. ಇಎಂಐ ಹಾಕಿಸ್ತೀನಿ" ಅಂದ.

"ಇರೋ ಬೋರ್ಡಿಗೇ ಒಳ್ಳೆ ಪ್ರೊಸೆಸರ್ ಕೂರುತ್ತಲ್ಲೋ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅದು ಅಪ್ಪ ಕೊಡಿಸಿದ್ದು. ಒಂದಾದ್ರೂ ನಂದು ಅಂತ ಬೇಡ್ವಾ?" ಅಂದ.

ಈ ಮಾತಿಗೆ ಬೆಂಚ್‌ಮಾರ್ಕ್ ಚಾರ್ಟಿನಲ್ಲಿ ಉತ್ತರ ಇಲ್ಲ. ನನ್ನ ಮೊದಲ ಸಂಬಳದಲ್ಲಿ ನಾನೂ ಅಗತ್ಯ ನೋಡಿ ಖರ್ಚು ಮಾಡಿದವಳಲ್ಲ. ಹಾಗಾಗಿ ಬೇಡ ಅನ್ನಲಿಲ್ಲ. ನಿರ್ಧಾರ ನಿಂದೇ, ಆದರೆ ಅದಕ್ಕೆ ಮುಂಚೆ ಎರಡು ವಿಷಯ ನೋಡು ಅಂದೆ.

ಮೊದಲನೆಯದು, ನಿಧಾನ ಮಾಡ್ತಿರೋದು ಯಾರು ಅನ್ನೋದು. ಇದನ್ನ ಮನೆಯಲ್ಲೇ ಕಂಡುಹಿಡಿಯಬಹುದು. ಗೇಮ್ ಓಡ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಗ್ರಾಫಿಕ್ಸ್ ಕಾರ್ಡ್ ಶೇಕಡಾ 95ಕ್ಕಿಂತ ಮೇಲೆ ಬಳಕೆಯಾಗ್ತಿದ್ದರೆ ಪ್ರೊಸೆಸರ್ ಬದಲಿಸಿ ದೊಡ್ಡ ಲಾಭ ಇಲ್ಲ. ಇನ್ನೂ ಖಾತ್ರಿ ಬೇಕಾದರೆ ರೆಸಲ್ಯೂಶನ್ ಅನ್ನು 1080ರಿಂದ 720ಕ್ಕೆ ಇಳಿಸಿ. ಕಾರ್ಡಿನ ಹೊರೆ ಕಡಿಮೆಯಾದರೂ ಫ್ರೇಮ್‌ಗಳು ಏರದಿದ್ದರೆ ಹೆಚ್ಚಾಗಿ ತೊಡಕು ಪ್ರೊಸೆಸರ್ ಕಡೆಯದ್ದು. ತಮ್ಮ ಕೌಂಟರ್ ಸ್ಟ್ರೈಕ್ 2ರಲ್ಲಿ ಹೀಗೇ ಮಾಡಿ ನೋಡಿದ. ಫ್ರೇಮ್ ಅಲ್ಲಾಡಲಿಲ್ಲ. ಕಾರ್ಡ್ ಅರ್ಧ ಖಾಲಿ ಕೂತಿತ್ತು, ಪ್ರೊಸೆಸರಿನ ನಾಲ್ಕೂ ಕೋರ್‌ಗಳು ತುಂಬಿಹೋಗಿದ್ದವು. ಅಂದರೆ ಪ್ರೊಸೆಸರ್ ಬದಲಿಸಬೇಕು ಅನ್ನೋ ಅವನ ಲೆಕ್ಕ ಸರಿಯಾಗೇ ಇತ್ತು.

ಎರಡನೆಯದು, ಈ ಬೋರ್ಡ್ ಎಲ್ಲಿವರೆಗೆ ಹೋಗುತ್ತೆ ಅನ್ನೋದು. ಪ್ರೊಸೆಸರ್ ಕೂರೋ ಜಾಗಕ್ಕೆ ಸಾಕೆಟ್ ಅಂತಾರೆ. ಎಎಂಡಿಯ ಮೊದಲ ರೈಜನ್‌ಗಳು 2017ರಲ್ಲಿ ಬಂದಿದ್ದು ಎಎಂ4 ಸಾಕೆಟ್‌ಗೆ. ಬಿ450 ಬೋರ್ಡ್‌ಗಳು 2018ರವು. ಅದೇ ಸಾಕೆಟ್‌ಗೆ 2022ರಲ್ಲಿ ರೈಜನ್ 5 5600 ಬಂತು: 6 ಕೋರ್, 12 ಥ್ರೆಡ್, 65 ವ್ಯಾಟ್. ನಾಲ್ಕೇ ಕೋರ್, ನಾಲ್ಕೇ ಥ್ರೆಡ್ ಇರೋ 3200ಜಿ ಜಾಗಕ್ಕೆ ಇದು ದೊಡ್ಡ ಜಿಗಿತ.

ಹಾಗಂತ ಸಾಕೆಟ್ ಹೆಸರು ಹೊಂದಿದರೆ ಮುಗೀತು ಅನ್ಕೋಬೇಡಿ. ಇಂಟೆಲ್‌ನ 6, 7, 8, 9ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಸಾಕೆಟ್ ಹೆಸರು ಒಂದೇ, 1151. ಆದರೂ 8 ಮತ್ತು 9ಕ್ಕೆ 300 ಸರಣಿಯ ಬೋರ್ಡೇ ಬೇಕು. ಎಎಂಡಿ ಕೂಡ 2020ರಲ್ಲಿ ರೈಜನ್ 5000 ಸರಣಿಯನ್ನ ಬಿ450ಗೆ ಕೊಡಲ್ಲ ಅಂತ ಮೊದಲು ಹೇಳಿ, ಬಳಕೆದಾರರು ಗಲಾಟೆ ಮಾಡಿದ ಮೇಲೆ ಮಾತು ಬದಲಿಸಿತು. ಅದಕ್ಕೇ ಬೋರ್ಡ್ ಕಂಪನಿಯ ಸೈಟಿನಲ್ಲಿ ನಿಮ್ಮ ಮಾಡೆಲ್ ಹುಡುಕಿ, ಪ್ರೊಸೆಸರ್ ಪಟ್ಟಿಯಲ್ಲಿ ನಿಮಗೆ ಬೇಕಾದ್ದು ಇದೆಯಾ, ಅದಕ್ಕೆ ಎಷ್ಟನೇ ಬಯೋಸ್ ಬೇಕು ಅಂತ ನೋಡಿ. ಮಾಡೆಲ್ ಗೊತ್ತಿಲ್ಲದಿದ್ದರೆ ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಬೇಸ್‌ಬೋರ್ಡ್ ಅನ್ನೋ ಸಾಲಿನಲ್ಲಿ ಸಿಗುತ್ತೆ.

ತಮ್ಮ ಬೆಂಗಳೂರಿಗೆ ಬಂದ. ಶನಿವಾರ ಕೆ.ಆರ್. ಮಾರ್ಕೆಟ್ ಮೆಟ್ರೋ ಇಳಿದು ಇಬ್ಬರೂ ಎಸ್.ಪಿ. ರೋಡಿಗೆ ನಡೆದೆವು. ಅಂಗಡಿಯಲ್ಲಿ ಪ್ರಶ್ನೆ ಕೇಳ್ತಿದ್ದದ್ದು ನಾನು, ಅಂಗಡಿಯವರು ಉತ್ತರ ಹೇಳ್ತಿದ್ದದ್ದು ತಮ್ಮನಿಗೆ. "ಎಎಂ5 ತಗೊಳ್ಳಿ ಸರ್, ಫ್ಯೂಚರ್ ಪ್ರೂಫ್" ಅಂದರು. ಸುಳ್ಳೇನಲ್ಲ. ಎಎಂ5ಗೆ 2027ರವರೆಗೂ, ಅದರಾಚೆಗೂ ಬೆಂಬಲ ಅಂತ ಕಂಪನಿಯೇ ಹೇಳಿದೆ. ಆದರೆ ಅದು ಡಿಡಿಆರ್5 ರ‍್ಯಾಮ್ ಮಾತ್ರ ತಗೊಳ್ಳುತ್ತೆ, ಹಳೇ ಡಿಡಿಆರ್4 ಅಲ್ಲಿ ಕೂರಲ್ಲ. ಅಂದರೆ ಒಂದನ್ನ ಬದಲಿಸೋಕೆ ಹೋಗಿ ಮೂರು ಕೊಳ್ಳಬೇಕು. ಇನ್ನು ತಮ್ಮನ ಮಾನಿಟರ್ 75 ಹರ್ಟ್ಸ್‌ನದ್ದು. ಸೆಕೆಂಡಿಗೆ 75ಕ್ಕಿಂತ ಹೆಚ್ಚು ಚಿತ್ರ ತೋರಿಸೋ ಶಕ್ತಿ ಅದಕ್ಕಿಲ್ಲ. ದುಬಾರಿ ಪ್ರೊಸೆಸರ್ ಕೊಡೋ ಹೆಚ್ಚಿನ ಫ್ರೇಮ್‌ಗಳಲ್ಲಿ ಬಹುಪಾಲು ಅವನ ಕಣ್ಣಿಗೆ ಬೀಳ್ತಾನೇ ಇರ್ಲಿಲ್ಲ.

ಕೆಳಗೆ ಟೀ ಕುಡೀತಾ ಅವನೇ ಫೋನಿನಲ್ಲಿ ಲೆಕ್ಕ ಹಾಕಿದ. 5600 ಮತ್ತು ಇನ್ನೊಂದು 8 ಜಿಬಿ ರ‍್ಯಾಮ್ ಸೇರಿ 12 ಸಾವಿರದ ಒಳಗೆ. ಇಎಂಐ ಬೇಡ. "ಸರಿ ಅಕ್ಕ, ಇದೇ ಇರ್ಲಿ" ಅಂದ. ಧ್ವನಿಯಲ್ಲಿ ಪೂರ್ತಿ ಖುಷಿ ಇರಲಿಲ್ಲ, ನಿಜ.

ಹಾಕುವಾಗ ನಾಲ್ಕು ವಿಷಯ ನೆನಪಿರಲಿ. ಹಳೇ ಪ್ರೊಸೆಸರ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ, ಇಲ್ಲದಿದ್ದರೆ ಹೊಸದು ಹಾಕಿದ ಮೇಲೆ ಸ್ಕ್ರೀನ್ ಕಪ್ಪಾಗೇ ಉಳಿಯಬಹುದು. ಅಪ್‌ಡೇಟ್ ಮಧ್ಯೆ ಕರೆಂಟ್ ಹೋದರೆ ಬೋರ್ಡೇ ಕೈಕೊಡಬಹುದು, ಹಾಗಾಗಿ ಯುಪಿಎಸ್ ಇದ್ದರೆ ಮಾತ್ರ ಮುಟ್ಟಿ. ಎಎಂ4 ಪ್ರೊಸೆಸರಿನ ಅಡಿಯಲ್ಲೇ ಪಿನ್‌ಗಳಿರುತ್ತೆ. ಕೂಲರ್ ಸೀದಾ ಎಳೆದರೆ ಒಣಗಿದ ಪೇಸ್ಟ್‌ಗೆ ಅಂಟಿಕೊಂಡು ಪ್ರೊಸೆಸರೂ ಕಿತ್ತು ಬರುತ್ತೆ. ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಮೆಲ್ಲಗೆ ತಿರುಗಿಸಿ ತೆಗೀರಿ. ಕೊನೆಯದಾಗಿ, 5600ರಲ್ಲಿ ಒಳಗೇ ಇರೋ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಕೆಟ್ಟರೆ ಮಾನಿಟರಿಗೆ ಚಿತ್ರವೇ ಬರಲ್ಲ. ಇಂಟೆಲ್‌ನಲ್ಲಿ 12400ಎಫ್ ತರಹ ಹೆಸರಿನ ಕೊನೆಗೆ 'ಎಫ್' ಇದ್ದರೂ ಇದೇ ಕಥೆ.

ಎಲ್ಲರಿಗೂ ಹಳೇ ಬೋರ್ಡೇ ಸಾಕು ಅಂತ ನಾನು ಹೇಳ್ತಿಲ್ಲ. ನಿಮ್ಮದು ಡಿಡಿಆರ್3 ಕಾಲದ್ದಾಗಿದ್ದರೆ ಬೋರ್ಡು, ಪ್ರೊಸೆಸರು, ರ‍್ಯಾಮು ಮೂರೂ ಹೊಸದೇ ಆಗಬೇಕು. ಆಗ ಕೈಲಾದರೆ ಎಎಂ5 ಒಳ್ಳೆ ಆಯ್ಕೆ. ಇವತ್ತು ಕಡಿಮೆ ಬೆಲೆಯ ಪ್ರೊಸೆಸರ್ ಹಾಕಿ, ನಾಲ್ಕು ವರ್ಷ ಬಿಟ್ಟು ಅದೇ ಬೋರ್ಡಿಗೆ ದೊಡ್ಡದು ಹಾಕಬಹುದು. ಮುಂದೇನಾಗುತ್ತೋ ಅಂತ ಹೆದರಿ ಇವತ್ತೇ ಎಲ್ಲಾ ಕೊಳ್ಳಬೇಕಾಗಿಲ್ಲ.

ತಮ್ಮನ ಗೇಮ್ ಈಗ ತಡವರಿಸಲ್ಲ. ಇಎಂಐ ಅಂತ ಹೋಗಬೇಕಿದ್ದ ದುಡ್ಡಲ್ಲಿ ತಿಂಗಳಿಗೆ 2 ಸಾವಿರ ಆರ್‌ಡಿ ಕಟ್ತಿದಾನೆ. ಯಾತಕ್ಕೋ ಅಂತ ಕೇಳಿದ್ರೆ, "ಮುಂದಿನ ಬೋರ್ಡ್ ನಂದೇ ದುಡ್ಡಲ್ಲಿ ಅಕ್ಕ" ಅಂತಾನೆ. ಆಗಲಿ. ಅಷ್ಟರಲ್ಲಿ ಎಎಂ6 ಬಂದಿದ್ದರೂ ಅವನೇ ಪಟ್ಟಿ ನೋಡಿ ಆರಿಸಿಕೊಳ್ತಾನೆ, ನನ್ನನ್ನ ಕೇಳಬೇಕಾಗಿಲ್ಲ.